ನನ್ನ ಅನುಮಾನಕ್ಕೆ ಮುಖ ಬರೆದ 32 ಪುಟಗಳು

ಮಕ್ಕಳಿಗಾಗಿ ಮಾಡಿದ ನನ್ನ ಮೊದಲ ಚಿತ್ರಪುಸ್ತಕ ಅಚ್ಚಾಗಿ ಬಂದಿದೆ. ಕಥೆಯೂ ನನ್ನದು, ಚಿತ್ರವೂ ನನ್ನದು, ಅದರೊಳಗಿನ ಗೋಳೂ ನನ್ನದೇ. ಚಿತ್ರ ಬಿಡಿಸುವ ಹುಡುಗಿಯೊಬ್ಬಳಿಗೆ ತನ್ನ ಕೈಯ ಮೇಲೆ ನಂಬಿಕೆಯಿಲ್ಲ, ಕಥೆ ಅಷ್ಟೇ. ಪುಸ್ತಕ ಹೊರಬಂದ ಮೇಲೆ ಇದೇ ಹಾದಿ ಹಿಡಿದಿರುವ ಕೆಲವರು ಪ್ರಶ್ನೆ ಕೇಳತೊಡಗಿದ್ದಾರೆ. ಅರ್ಧ ಪ್ರಶ್ನೆಗಳು ಕರಾರು, ಕಾಗದ, ಸ್ಕ್ಯಾನಿಂಗ್ ಕುರಿತು. ಉಳಿದರ್ಧದ ತಾತ್ಪರ್ಯ ಒಂದೇ: ಈ ಹಾಳು ಅನುಮಾನ ಯಾವಾಗ ಬಿಟ್ಟು ಹೋಗುತ್ತದೆ? ನನ್ನ ಮಟ್ಟಿಗೆ ಎರಡೂ ಒಟ್ಟೊಟ್ಟಿಗೇ ನಡೆದವು, ಬೇರೆ ಮಾಡಿ ಹೇಳಲು ಬರುವುದಿಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಮೊದಲು ಪೋರ್ಟ್‌ಫೋಲಿಯೊ. ತಿದ್ದಿ ತೀಡಿ ಮುಗಿಸಿದ ಚಿತ್ರಗಳನ್ನು ಆರಿಸಿ ಪ್ರಕಾಶನ ಸಂಸ್ಥೆಯೊಂದಕ್ಕೆ ಕಳುಹಿಸಿದೆ. ಎಲ್ಲವೂ ಬಿಡಿಚಿತ್ರಗಳು, ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಲು ಸಿದ್ಧವಾದಂಥವು. ಉತ್ತರ ಬರಲು ತಿಂಗಳುಗಳೇ ಹಿಡಿದವು. ಈ ಮೌನಕ್ಕೆ ನೀವು ಅರ್ಥ ಹಚ್ಚಲು ಹೋಗಬೇಡಿ. ಸಂಪಾದಕರ ಮೇಜಿನ ಮೇಲೆ ಅಂಥ ಕಡತಗಳು ರಾಶಿ ಬಿದ್ದಿರುತ್ತವೆ. ನಿಮ್ಮ ಚಿತ್ರ ಕೆಟ್ಟದ್ದು ಎಂದು ನಿರ್ಧರಿಸಲು ಯಾರೂ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು ಕೂತಿರುವುದಿಲ್ಲ. ಇದನ್ನು ಈಗ ಹೇಳುವುದು ಸುಲಭ. ಆಗ ನಾನು ಕಳುಹಿಸಿದ ಕಡತವನ್ನು ದಿನವೂ ತೆರೆದು, ಒಂದೊಂದೇ ಚಿತ್ರದಲ್ಲಿ ಹುಳುಕು ಹುಡುಕುತ್ತಿದ್ದೆ. ಹುಡುಕಿದವರಿಗೆ ಹುಳುಕು ಸಿಕ್ಕೇ ಸಿಗುತ್ತದೆ.

ಕೊನೆಗೊಮ್ಮೆ ಸಂಪಾದಕಿ ಬರಹೇಳಿದರು. "ಚಿತ್ರಗಳು ಅಂದವಾಗಿವೆ. ಆದರೆ ಒಂದೇ ಪಾತ್ರ ನಗುವುದು, ಓಡುವುದು, ಮುನಿಸಿಕೊಳ್ಳುವುದು ಎಲ್ಲೂ ಇಲ್ಲವಲ್ಲ? ನಿಮ್ಮ ಸ್ಕೆಚ್‌ಬುಕ್ ಇದ್ದರೆ ಕೊಡಿ" ಎಂದರು. ಕೊಟ್ಟೆ. ಒಳ್ಳೆಯ ಚಿತ್ರಗಳನ್ನೆಲ್ಲ ಸರಸರನೆ ದಾಟಿಸಿ, ಪುಟದ ಅಂಚಿನಲ್ಲಿ ಗೀಚಿದ್ದ ಒಂದು ಆಕೃತಿಯ ಬಳಿ ಬೆರಳಿಟ್ಟು ನಿಂತರು. ಬೆನ್ನು ಬಗ್ಗಿಸಿಕೊಂಡು ನನ್ನ ಚಿತ್ರದೊಳಗೆ ಇಣುಕಿ ಮೂಗು ಮುರಿಯುವ ಹುಡುಗಿ ಅದು. "ಇವಳು ಯಾರು?" "ಕೆಲಸ ಸರಿಹೋಗದ ದಿನ ಸುಮ್ಮನೆ ಗೀಚುತ್ತೇನೆ ಮೇಡಂ." "ಇವಳನ್ನೇ ಇಟ್ಟುಕೊಂಡು ಒಂದು ಕಥೆ ಮಾಡಿಕೊಂಡು ಬನ್ನಿ, ನೋಡೋಣ."

ನಿಜ ಹೇಳಬೇಕೆಂದರೆ ಸಂತೋಷಕ್ಕಿಂತ ಅವಮಾನವೇ ಹೆಚ್ಚಾಯಿತು. ರಾತ್ರಿಗಟ್ಟಲೆ ಕೂತು ಮಾಡಿದ್ದು ಬೇಡವಾಗಿ, ಕೈ ಬೇಸತ್ತಾಗ ಗೀಚಿದ್ದು ಬೇಕಾಯಿತಲ್ಲ! ಆದರೆ ಅವರು ಹೇಳಿದ್ದರಲ್ಲಿ ಹುರುಳಿತ್ತು. ಚಿತ್ರಪುಸ್ತಕಕ್ಕೆ ಪೋರ್ಟ್‌ಫೋಲಿಯೊ ಕಳುಹಿಸುವವರು ಒಂದೇ ಪಾತ್ರವನ್ನು ಬೇರೆ ಬೇರೆ ಕೋನದಲ್ಲಿ, ಬೇರೆ ಬೇರೆ ಭಾವದಲ್ಲಿ, ಇನ್ನೊಬ್ಬರ ಜೊತೆ ಮಾತಿಗಿಳಿದಂತೆ ಬರೆದು ಸೇರಿಸಿ. ಪುಟದಿಂದ ಪುಟಕ್ಕೆ ಅದೇ ಮುಖವನ್ನು ಒಯ್ಯಬಲ್ಲಿರಾ ಎಂಬುದೇ ಅವರ ಮುಖ್ಯ ಪ್ರಶ್ನೆ. ಸುಂದರವಾದ ಸೂರ್ಯಾಸ್ತ ಅದಕ್ಕೆ ಉತ್ತರ ಕೊಡುವುದಿಲ್ಲ.

ಕಥೆಯ ಕರಡು ಒಪ್ಪಿಗೆಯಾದ ಮೇಲೆ ಕರಾರುಪತ್ರ ಬಂತು. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಆತ್ಮವಿಶ್ವಾಸವಿಲ್ಲದವರು ಪೆಟ್ಟು ತಿನ್ನುವ ಜಾಗ ಇದೇ. "ನನ್ನಂಥವಳಿಗೆ ಪುಸ್ತಕ ಕೊಡುತ್ತಿದ್ದಾರಲ್ಲ, ಕರಾರನ್ನು ಪ್ರಶ್ನಿಸುವುದೆಂತು" ಎನ್ನುವ ಭಾವನೆಯಲ್ಲಿ ಕಣ್ಣು ಮುಚ್ಚಿ ಸಹಿ ಹಾಕಲು ಕೈ ಮುಂದಾಗುತ್ತದೆ. ನನಗೆ ಪರಿಚಯದ ಹಿರಿಯ ಕಲಾವಿದೆಯೊಬ್ಬರು ತಡೆದರು, ಪಕ್ಕದಲ್ಲಿ ಕೂರಿಸಿಕೊಂಡು ಸಾಲು ಸಾಲು ಓದಿಸಿದರು. ಕೊಡುವುದು ಒಂದೇ ಗಂಟಿನ ಸಂಭಾವನೆಯೋ, ಮುಂಗಡ ಮತ್ತು ರಾಯಧನವೋ (ಮಾರಾಟವಾದ ಪ್ರತಿಗಳ ಮೇಲೆ ಬರುವ ಪಾಲು)? ಮುಂಗಡವಾದರೆ, ಮಾರಾಟದಿಂದ ನಿಮಗೆ ಬರಬೇಕಾದ ರಾಯಧನ ಆ ಮುಂಗಡದ ಮೊತ್ತವನ್ನು ದಾಟುವವರೆಗೆ ಮತ್ತೆ ಹಣ ಬರುವುದಿಲ್ಲ. ಅದಕ್ಕೆ ಮನಸ್ಸನ್ನು ಸಿದ್ಧಮಾಡಿಕೊಳ್ಳಿ. ಹಕ್ಕು ಯಾವ ಭಾಷೆಗೆ, ಎಷ್ಟು ಅವಧಿಗೆ? ತಿದ್ದುಪಡಿಗಳು ಎಷ್ಟು ಸುತ್ತಿಗೆ ಸೀಮಿತ? ಪುಸ್ತಕ ನಡುವೆ ನಿಂತುಹೋದರೆ ಮಾಡಿದ ಕೆಲಸಕ್ಕೆ ಏನು ಸಿಗುತ್ತದೆ? ಮೂಲಚಿತ್ರಗಳು ಯಾರ ಸ್ವತ್ತು? ಸ್ಕ್ಯಾನಿಂಗ್ ಮತ್ತು ಬಣ್ಣದ ಪ್ರೂಫ್ (ಅಚ್ಚಿಗೆ ಮೊದಲು ತೆಗೆಯುವ ಪರೀಕ್ಷಾ ಪ್ರತಿ) ಖರ್ಚು ಯಾರ ತಲೆಗೆ? ಕೊನೆಯ ಎರಡು ಪ್ರಶ್ನೆಗಳಿಗೆ ನನ್ನ ಕರಾರಿನಲ್ಲಿ ಉತ್ತರವೇ ಇರಲಿಲ್ಲ. ಕೇಳಿದೆ, ಮರುಮಾತಿಲ್ಲದೆ ಸೇರಿಸಿದರು. ಹೆದರಿಕೆಯೆಲ್ಲ ನನ್ನ ಕಡೆಯದೇ ಆಗಿತ್ತು. ಹಣ ಕಂತುಗಳಲ್ಲಿ ಬರುವುದು ವಾಡಿಕೆ: ಸಹಿ ಹಾಕಿದಾಗ ಒಂದು ಪಾಲು, ಕರಡು ಚಿತ್ರಗಳು ಒಪ್ಪಿಗೆಯಾದಾಗ ಒಂದು, ಅಂತಿಮ ಚಿತ್ರಗಳನ್ನು ಒಪ್ಪಿಸಿದಾಗ ಮಿಕ್ಕಿದ್ದು. ನಡುವಿನ ಕಂತು ಬರುವುದರೊಳಗೆ ಕಾಗದ, ಶಾಯಿ, ಬಣ್ಣಕ್ಕೆ ಕೈಯಿಂದ ಹಾಕಬೇಕಾಗುತ್ತದೆ. ಆ ಮೊತ್ತವನ್ನು ಮೊದಲೇ ತೆಗೆದಿರಿಸಿ.

ನಂತರ ಪುಟಗಳ ಹಂಚಿಕೆ. ಚಿತ್ರಪುಸ್ತಕಗಳು ಬಹುಪಾಲು 32 ಪುಟಗಳವು. ಇದರ ಹಿಂದೆ ಕಲೆಯ ರಹಸ್ಯವೇನೂ ಇಲ್ಲ. ದೊಡ್ಡ ಹಾಳೆಯ ಎರಡೂ ಕಡೆ ಮುದ್ರಿಸಿ ಮಡಚಿದರೆ 16 ಪುಟಗಳ ಒಂದು ಫಾರಂ ಆಗುತ್ತದೆ, ಎರಡು ಫಾರಂ ಸೇರಿದರೆ 32. ಶೀರ್ಷಿಕೆ, ಪ್ರಕಾಶನ ವಿವರ, ಅರ್ಪಣೆ ಎಂದು ಮೊದಲ ಪುಟಗಳು ಹೋಗುತ್ತವೆ. ಕಥೆಗೆ ಉಳಿಯುವುದು ಹೆಚ್ಚೆಂದರೆ ಎದುರುಬದುರು ತೆರೆದುಕೊಳ್ಳುವ 14 ಜೋಡಿಪುಟಗಳು. ನನ್ನ ಗೋಳು ಹದಿನಾಲ್ಕರಲ್ಲಿ ಮುಗಿಯಬೇಕು ಎಂದು ಗೊತ್ತಾದಾಗ ನನಗೆ ವಿಚಿತ್ರವಾದ ಸಮಾಧಾನವಾಯಿತು. ತಲೆಯೊಳಗೆ ಅದಕ್ಕೆ ಇಂಥ ಗಡಿ ಯಾವತ್ತೂ ಇರಲಿಲ್ಲ.

ಬೆರಳಗಲದ ಚೌಕಗಳಲ್ಲಿ ಇಡೀ ಪುಸ್ತಕವನ್ನು ಒಂದೇ ಹಾಳೆಯ ಮೇಲೆ ಗೀಚಿಕೊಳ್ಳುವುದು ಇಲ್ಲಿನ ಕೆಲಸ. ಅಷ್ಟು ಚಿಕ್ಕದಾಗಿ ಬರೆಯುವಾಗ ಕಣ್ಣು, ಬೆರಳು, ಬಟ್ಟೆಯ ಸುಕ್ಕು ಯಾವುದಕ್ಕೂ ಜಾಗವಿಲ್ಲ. ಎಲ್ಲಿ ಕಪ್ಪು, ಎಲ್ಲಿ ಖಾಲಿ, ಯಾರು ಯಾವ ಕಡೆ ಮುಖ ಮಾಡಿದ್ದಾರೆ, ಇಷ್ಟೇ. ಸ್ವಂತ ಕೈಯನ್ನು ನಂಬದವರಿಗೆ ಇದಕ್ಕಿಂತ ಒಳ್ಳೆಯ ಹಂತ ಇನ್ನೊಂದಿಲ್ಲ. ನಾವು ಎಡದಿಂದ ಬಲಕ್ಕೆ ಓದುವವರಾದ್ದರಿಂದ ಬಲಕ್ಕೆ ಮುಖ ಮಾಡಿದ ಪಾತ್ರ ಮುಂದೆ ಹೋಗುತ್ತಿರುವಂತೆಯೂ ಎಡಕ್ಕೆ ತಿರುಗಿದ್ದು ಹಿಂದಿರುಗುತ್ತಿರುವಂತೆಯೂ ಕಾಣುತ್ತದೆ. ನನ್ನ ನಾಯಕಿ ಬಲಕ್ಕೆ ಹೊರಡುತ್ತಾಳೆ, ಅನುಮಾನ ಬಲಗಡೆಯಿಂದ ಅವಳಿಗೆ ಎದುರಾಗುತ್ತದೆ. ಇದಕ್ಕೆ ಪದವೇ ಬೇಕಾಗಲಿಲ್ಲ. ಚೌಕಗಳಾದ ಮೇಲೆ ನಿಜವಾದ ಕಾಗದ ಮಡಚಿ ಹೊಲಿದು ಒಂದು ಡಮ್ಮಿ, ಅಂದರೆ ನಮೂನೆ ಪುಸ್ತಕ ಮಾಡಿಕೊಳ್ಳಿ, ಪರದೆಯ ಮೇಲೆ ನೋಡಿ ಬಿಡಬೇಡಿ. ಪುಟ ತಿರುಗಿಸುವ ಕ್ಷಣದಲ್ಲಿ ಏನು ಬಚ್ಚಿಡಬೇಕು, ಏನು ತೋರಿಸಬೇಕು ಎಂಬುದು ಕೈಯಿಂದ ತಿರುಗಿಸಿದಾಗ ಮಾತ್ರ ತಿಳಿಯುತ್ತದೆ.

ಎಲ್ಲಕ್ಕಿಂತ ಹೆಚ್ಚು ಸತಾಯಿಸಿದ್ದು ಅನುಮಾನಕ್ಕೆ ರೂಪ ಕೊಡುವ ಕೆಲಸ. ಮೊದಲು ದೊಡ್ಡ ಕಪ್ಪು ಭೂತ ಬರೆದೆ. ಸಂಪಾದಕಿ ನೋಡಿ, "ಇದು ಭಯ. ಅನುಮಾನ ಇಷ್ಟು ಗದ್ದಲ ಮಾಡುತ್ತದೆಯೇ?" ಎಂದರು. ಮಾಡುವುದಿಲ್ಲ ನಿಜ. ನನ್ನದು ತಗ್ಗಿದ ದನಿಯಲ್ಲಿ, ಬಹಳ ಮರ್ಯಾದೆಯಿಂದ ಮಾತಾಡುತ್ತದೆ. "ಪರವಾಗಿಲ್ಲ, ಆದರೆ..." ಎನ್ನುತ್ತದೆ. ನೆರಳು ಬರೆದೆ, ಮೋಡ ಬರೆದೆ, ಕನ್ನಡಿ ಬರೆದೆ. ಎಲ್ಲವೂ ಎಲ್ಲೋ ಕಂಡಂಥವೇ. ಒಂದು ಹಂತದಲ್ಲಿ, ಅನುಮಾನವನ್ನು ಬರೆಯಲಾಗದ ಅನುಮಾನವೂ ಸೇರಿಕೊಂಡು ಕೆಲಸ ಪೂರ್ತಿ ನಿಂತುಹೋಯಿತು.

ಈ ದಿನಗಳಲ್ಲಿ ಸಮಾಧಾನ ಹೇಳುವವರು ಬಹಳ ಮಂದಿ. 1978ರಲ್ಲಿ ಪಾಲೀನ್ ಕ್ಲಾನ್ಸ್ ಮತ್ತು ಸುಜಾನ್ ಐಮ್ಸ್ ಎಂಬ ಮನಶ್ಶಾಸ್ತ್ರಜ್ಞೆಯರು ಇದನ್ನು ವಿವರಿಸಿದ್ದಾರೆ, ಗೆದ್ದವರಿಗೂ ತಾವು ನಕಲಿ ಎನ್ನಿಸುವುದುಂಟು ಎಂದು ಒಬ್ಬರು ತಿಳಿಸಿದರು. ಇನ್ನೊಬ್ಬರು ಜಪಾನಿನ ಚಿತ್ರಕಾರ ಹೊಕುಸಾಯಿಯನ್ನು ತಂದರು: ಎಪ್ಪತ್ತು ದಾಟಿದ ಮೇಲೆ ಆತ, ತಾನು ಎಪ್ಪತ್ತರೊಳಗೆ ಬರೆದದ್ದರಲ್ಲಿ ಲೆಕ್ಕಕ್ಕೆ ಬರುವಂಥದ್ದು ಏನೂ ಇಲ್ಲ ಎಂದು 1834ರಲ್ಲಿ ಬರೆದುಕೊಂಡಿದ್ದಾನೆ. ಕೇಳಲು ಚೆನ್ನಾಗಿದೆ. ಆದರೆ ಮುಂದಿನ ತಿಂಗಳ ಕೊನೆಗೆ ಕರಡು ಒಪ್ಪಿಸಬೇಕಾದವಳಿಗೆ ಎಪ್ಪತ್ತರವರೆಗೆ ಕಾಯಿ ಎನ್ನುವುದು ಎಂಥ ಸಮಾಧಾನ? ನನಗೆ ಪ್ರಯೋಜನಕ್ಕೆ ಬಂದದ್ದು ವ್ಯಾನ್ ಗೋ ವಿಷಯ. ಆತ 1880ರಲ್ಲಿ, 27ರ ವಯಸ್ಸಿನಲ್ಲಿ ಕಲಾವಿದನಾಗಲು ನಿರ್ಧರಿಸಿ, ಚಾರ್ಲ್ಸ್ ಬಾರ್ಗ್ ಎಂಬಾತ ಕಲಿಯುವವರಿಗಾಗಿ ಸಿದ್ಧಪಡಿಸಿದ್ದ ಮಾದರಿ ಚಿತ್ರಗಳನ್ನು ಕುಳಿತು ನಕಲು ಮಾಡಿದ. ಹತ್ತು ವರ್ಷಗಳ ನಂತರ, ತನ್ನ ಕೊನೆಯ ವರ್ಷದಲ್ಲೂ ಅವನ್ನು ಮತ್ತೆ ನಕಲು ಮಾಡಿದ. ಇದರಲ್ಲಿ ಸಾಂತ್ವನವಿಲ್ಲ, ಮಾಡಲು ಒಂದು ಕೆಲಸವಿದೆ. ನಾನೂ ಪುಸ್ತಕ ಬದಿಗಿಟ್ಟು ಕೈಗಳನ್ನು, ಪಾದಗಳನ್ನು, ಬಗ್ಗಿದ ಬೆನ್ನುಗಳನ್ನು ನೋಡಿ ನಕಲು ಮಾಡುತ್ತ ಕೂತೆ. ಸಂಜೆಯ ಹೊತ್ತಿಗೆ ಹೇಳಿಕೊಳ್ಳಲು ಏನಾದರೂ ಇರುತ್ತಿತ್ತು: ಇವತ್ತು ಹೆಬ್ಬೆರಳಿನ ಬುಡ ಅರ್ಥವಾಯಿತು. ಮೊಬೈಲಿನಲ್ಲಿ ಇತರರ ಚಿತ್ರ ನೋಡುವುದನ್ನು ಆ ಅವಧಿಗೆ ಬಿಟ್ಟುಬಿಟ್ಟೆ. ಬೇರೆಯವರ ಮುಗಿದ ಚಿತ್ರವನ್ನು ನಮ್ಮ ಅರ್ಧ ಚಿತ್ರದ ಪಕ್ಕ ಇಟ್ಟು ನೋಡಿದರೆ ನ್ಯಾಯ ಸಿಗುವುದಿಲ್ಲ.

ಪರಿಹಾರ ಆ ನಕಲಿನ ಹಾಳೆಗಳಲ್ಲೇ ಇತ್ತು. ಪೆನ್ಸಿಲ್ಲಿನಲ್ಲಿ ತಡಕಾಡಿದ ಹತ್ತಾರು ಗೆರೆಗಳು, ಅವುಗಳ ಮೇಲೆ ಶಾಯಿಯ ಒಂದು ಗೆರೆ. ಶಾಯಿ ಒಣಗಿದ ಮೇಲೆ ಪೆನ್ಸಿಲ್ ಅಳಿಸುವುದು ರೂಢಿ. ಅಳಿಸುವ ಮೊದಲು ನೋಡಿದರೆ, ಒಬ್ಬಳೊಳಗೆ ಇನ್ನೊಬ್ಬಳು ನಿಂತಂತೆ ಕಾಣುತ್ತಿತ್ತು. ಹಾಗಾದರೆ ನಾಯಕಿಯನ್ನು ಶಾಯಿಯಲ್ಲಿ, ಅನುಮಾನವನ್ನು ಬರೀ ಪೆನ್ಸಿಲ್ಲಿನಲ್ಲಿ ಬರೆದರೆ? ಅದೇ ಮುಖ, ಅದೇ ಜಡೆ, ಅದೇ ಬಗ್ಗಿದ ಬೆನ್ನು. ಗೆರೆ ಮಾತ್ರ ಎಲ್ಲೂ ನಿಲ್ಲದೆ ತಿದ್ದಿಕೊಳ್ಳುತ್ತಲೇ ಇರುತ್ತದೆ. ಅಂಚಿನ ಹುಡುಗಿ ಮೊದಲಿನಿಂದಲೂ ಹಾಗೇ ಇದ್ದಳು. ಸಂಪಾದಕಿಗೆ ತೋರಿಸಿದೆ. ತಲೆಯಾಡಿಸಿ, ಗಡುವಿನ ಮಾತಿಗೆ ಬಂದರು. ಅವರ ಮೆಚ್ಚುಗೆ ಅಷ್ಟೇ.

ಅಂತಿಮ ಚಿತ್ರಗಳಿಗೆ 300 ಜಿಎಸ್‌ಎಂ ತೂಕದ (ಅಂದರೆ ಚದರ ಮೀಟರಿಗೆ 300 ಗ್ರಾಂ), ನುಣುಪು ಮೈಯ ಹತ್ತಿಯ ಕಾಗದ ತಂದೆ. ಅದಕ್ಕಿಂತ ತೆಳುವಾದದ್ದು ನೀರು ತಾಗಿದೊಡನೆ ಉಬ್ಬಿ ಏಳುತ್ತದೆ, ಮೊದಲೇ ನೆನೆಸಿ ಹಲಗೆಗೆ ಅಂಟಿಸಿ ಎಳೆದುಕೊಳ್ಳಬೇಕಾಗುತ್ತದೆ. ತರಿ ಮೈಯ ಕಾಗದ ಜಲವರ್ಣಕ್ಕೆ ಸೊಗಸು, ಆದರೆ ನಿಬ್ಬು ತಡವರಿಸುತ್ತದೆ. ಶಾಯಿ ನೀರಿಗೆ ಕರಗದ ಇಂಡಿಯನ್ ಇಂಕ್ ಆಗಿರಲಿ, ಇಲ್ಲವಾದರೆ ಮೇಲೆ ಬಣ್ಣ ಹಾಕಿದಾಗ ಗೆರೆ ಹರಡುತ್ತದೆ; ಅರಗು ಬೆರೆತ ಅದನ್ನು ಫೌಂಟನ್ ಪೆನ್ನಿಗೆ ತುಂಬಿದರೆ ಪೆನ್ನು ಕಟ್ಟಿಕೊಂಡು ಹೋಗುತ್ತದೆ, ಅದ್ದಿ ಬರೆಯುವ ನಿಬ್ಬೇ ಸರಿ.

ಇಷ್ಟೆಲ್ಲ ಸಿದ್ಧವಾಗಿ, ದುಬಾರಿ ಕಾಗದದ ಮುಂದೆ ಕೂತರೆ ಕೈ ಏಳಲಿಲ್ಲ. ಅಗ್ಗದ ಕಾಗದದ ಮೇಲೆ ಸಲೀಸಾಗಿ ಓಡುತ್ತಿದ್ದ ಗೆರೆ ಇಲ್ಲಿ ನಡುಗಿತು. ಬಹಳ ಮಂದಿಗೆ ಹೀಗಾಗುತ್ತದೆ ಎಂದು ನಂತರ ತಿಳಿಯಿತು. ನಾನು ಕಂಡುಕೊಂಡ ಉಪಾಯ: ಒಳ್ಳೆಯ ಹಾಳೆಯೊಂದನ್ನು ತುಂಡು ಮಾಡಿ, ದಿನವೂ ಕೆಲಸಕ್ಕೆ ಮೊದಲು ಆ ತುಂಡಿನ ಮೇಲೆ ಮನಸ್ಸು ಬಂದದ್ದನ್ನು ಗೀಚುವುದು. ಕಾಗದದ ದರ್ಪ ಇಳಿಯುತ್ತದೆ. ಎರಡನೆಯದು, ಪುಸ್ತಕವನ್ನು ಮೊದಲ ಪುಟದಿಂದ ಶುರು ಮಾಡಬೇಡಿ. ಮೊದಲ ಪುಟವನ್ನೂ ಕೊನೆಯ ಪುಟವನ್ನೂ ಎಲ್ಲರೂ ನೋಡುತ್ತಾರೆ, ಅವನ್ನು ಕೈ ಪಳಗಿದ ಮೇಲೆ ಮಾಡಿ. ನಡುವಿನ ಯಾವುದಾದರೂ ಸಾಧಾರಣ ದೃಶ್ಯದಿಂದ ಹೊರಡಿ. ಪಾತ್ರದ ಮುಖವನ್ನು ಎದುರಿನಿಂದ, ಪಕ್ಕದಿಂದ, ಹಿಂದಿನಿಂದ ಬರೆದ ಒಂದು ಹಾಳೆ ಕಣ್ಣೆದುರಿನ ಗೋಡೆಯ ಮೇಲೆ ಇರಲಿ. ತಿಂಗಳುಗಟ್ಟಲೆ ಬರೆಯುವಾಗ ಮೂಗು ತಾನಾಗಿಯೇ ಉದ್ದವಾಗುತ್ತ ಹೋಗುತ್ತದೆ.

ಕೊನೆಯ ಜೋಡಿಪುಟಕ್ಕೆ ಬಂದಾಗ ಸಂಪಾದಕಿಗೂ ನನಗೂ ನಿಜವಾದ ಜಗಳವಾಯಿತು. ಪೆನ್ಸಿಲ್ಲಿನ ಹುಡುಗಿ ಅಲ್ಲಿ ಇಲ್ಲವಾಗಬೇಕು ಎಂದು ಅವರ ವಾದ. "ಓದುವ ಮಗುವಿಗೆ ಬಿಡುಗಡೆ ಬೇಡವೇ?" ನನಗೆ ಅದು ಸುಳ್ಳು ಎನ್ನಿಸಿತು. ನಾನೇ ಕಾಣದ ಬಿಡುಗಡೆಯನ್ನು ಮಗುವಿಗೆ ಹೇಗೆ ತೋರಿಸಲಿ? ಪತ್ರಗಳು ಹೋದವು, ಬಂದವು. ಜೀವನದಲ್ಲಿ ಮೊದಲ ಸಲ ನನ್ನ ಚಿತ್ರವನ್ನು ಸಮರ್ಥಿಸಿಕೊಂಡು ದೀರ್ಘವಾಗಿ ಬರೆದೆ. ಬರೆಯುವಾಗಲೇ, ಕೈ ಮೇಲೆ ನಂಬಿಕೆಯಿಲ್ಲ ಎನ್ನುತ್ತಿದ್ದವಳು ಇದೆಲ್ಲ ಎಲ್ಲಿಂದ ತಂದಳು ಎಂದು ನನಗೇ ನಗು ಬಂತು. ಅವರ ಮಾತಿನಲ್ಲೂ ಒಂದು ಅಂಶ ಸರಿಯಿತ್ತು: ನನ್ನ ಕರಡಿನಲ್ಲಿ ಅನುಮಾನ ಮೊದಲ ಪುಟದಲ್ಲಿದ್ದಷ್ಟೇ ದೊಡ್ಡದಾಗಿ ಕೊನೆಯಲ್ಲೂ ನಿಂತಿತ್ತು, ಹಾಗಿದ್ದರೆ ನಡುವೆ ನಡೆದದ್ದೇನು? ಕೊನೆಗೆ ಉಳಿದದ್ದು ಹೀಗೆ: ನಾಯಕಿ ಬಗ್ಗಿ ಚಿತ್ರ ಬರೆಯುತ್ತಿದ್ದಾಳೆ. ಪೆನ್ಸಿಲ್ಲಿನ ಹುಡುಗಿ ಬೇರೆಯಾಗಿ ಎಲ್ಲೂ ಇಲ್ಲ, ಆದರೆ ಶಾಯಿಯ ಕೈಯ ಸುತ್ತ ಅಳಿಸದ ಪೆನ್ಸಿಲ್ ಗೆರೆಗಳು ಇವೆ. ಬೆರಳು ಎಲ್ಲಿಡಬೇಕೆಂದು ಅವು ಹುಡುಕುತ್ತಿವೆ. "ಇದನ್ನು ಎಷ್ಟು ಮಕ್ಕಳು ಗಮನಿಸುತ್ತಾರೋ!" ಎಂದು ಸಂಪಾದಕಿ ಗೊಣಗಿದರು. ಒಪ್ಪಿದರು.

ಚಿತ್ರಗಳನ್ನು ಒಪ್ಪಿಸಿದರೆ ಮುಗಿಯಿತು ಎಂದುಕೊಂಡವರಿಗೆ ಮುಂದಿನ ಭಾಗ. ಸ್ಕ್ಯಾನ್ ಆಗಿ ಬಂದ ಕಡತ ತೆರೆದಾಗ ಅನುಮಾನ ಮಾಯವಾಗಿತ್ತು, ಅಕ್ಷರಶಃ! ಸ್ಕ್ಯಾನ್ ಮಾಡಿದವರು ಹಿನ್ನೆಲೆಯನ್ನು ಬೆಳ್ಳಗೆ ಮಾಡಲು ಹೋಗಿ ತಿಳಿ ಬೂದು ಗೆರೆಗಳನ್ನೆಲ್ಲ ಕೊಳೆಯೆಂದು ತೆಗೆದುಹಾಕಿದ್ದರು. ಗಟ್ಟಿಯಾಗಿ ಒತ್ತಿದ್ದ ಕಡೆ ಗ್ರಾಫೈಟ್ ಬೆಳಕಿಗೆ ಹೊಳೆದು ಬಿಳಿ ಮಚ್ಚೆಯಾಗಿತ್ತು. ಸಂಪಾದಕಿ ಬಯಸಿದ್ದ ಬಿಡುಗಡೆ ಯಂತ್ರದ ಕೈಯಲ್ಲಿ ಆಗಿಹೋಗಿತ್ತು ಎಂದು ಈಗ ತಮಾಷೆ ಮಾಡುತ್ತೇನೆ, ಅಂದು ಊಟ ಸೇರಲಿಲ್ಲ. ಎಲ್ಲವನ್ನೂ 600 ಡಿಪಿಐಯಲ್ಲಿ (ಇಂಚಿಗೆ 600 ಚುಕ್ಕೆ), ಯಾವ ಶುದ್ಧೀಕರಣವೂ ಇಲ್ಲದೆ ಮತ್ತೆ ಸ್ಕ್ಯಾನ್ ಮಾಡಿಸಬೇಕಾಯಿತು. ಖರ್ಚು ಯಾರದ್ದೆಂದು ಕರಾರಿನಲ್ಲಿ ಬರೆಸಿದ್ದು ಇಲ್ಲಿ ಕಾಪಾಡಿತು. ಪೆನ್ಸಿಲ್ ಬಳಸುವವರು ಸ್ಕ್ಯಾನ್ ಮಾಡುವವರಿಗೆ ಒಂದು ಚೀಟಿಯಲ್ಲೇ ಬರೆದು ಕೊಡಿ: ಈ ಬೂದು ಗೆರೆ ಚಿತ್ರದ ಭಾಗ. ಮುದ್ರಣದಲ್ಲೂ ಆ ಬೂದು ಅಚ್ಚಿನ ನಾಲ್ಕು ಬಣ್ಣಗಳ (ತಿಳಿನೀಲಿ, ಕಡುಗುಲಾಬಿ, ಹಳದಿ, ಕಪ್ಪು) ಮಿಶ್ರಣವಾಗಿ ಬಂದರೆ ಹಸಿರಿಗೋ ಕೆಂಪಿಗೋ ವಾಲುತ್ತದೆ. ಕಪ್ಪು ಶಾಯಿಯೊಂದರಲ್ಲೇ ಬರುವಂತೆ ಕೇಳಿಕೊಳ್ಳಿ. ಕಥೆಯ ಅಕ್ಷರಗಳೂ ಚಿತ್ರದೊಳಗೆ ಬೆರೆಯದೆ ಬೇರೆ ಪದರದಲ್ಲಿ, ಕಪ್ಪಿನಲ್ಲಿ ಮಾತ್ರ ಇರಲಿ. ಮುಂದೆ ಬೇರೆ ಭಾಷೆಯ ಆವೃತ್ತಿ ಬಂದರೆ ಕಪ್ಪಿನ ಆ ಒಂದು ಅಚ್ಚುಫಲಕ ಬದಲಾಯಿಸಿದರೆ ಸಾಕು.

ಬಣ್ಣದ ಪ್ರೂಫ್ ಬಂದಾಗ ಅಲ್ಟ್ರಾಮರೀನ್ ನೀಲಿ ಮಂಕಾಗಿತ್ತು. ಪರದೆ ಬೆಳಕಿನಿಂದ ಬಣ್ಣ ತೋರಿಸುತ್ತದೆ, ಅಚ್ಚುಯಂತ್ರ ನಾಲ್ಕು ಶಾಯಿಗಳಿಂದ. ಕೆಲವು ನೀಲಿ, ಕಿತ್ತಳೆ ಬಣ್ಣಗಳು ಆ ನಾಲ್ಕರ ಕೈಗೆ ಎಟುಕುವುದೇ ಇಲ್ಲ. ಪರದೆಯ ಆರ್‌ಜಿಬಿ ಕಡತವನ್ನು ಅಚ್ಚಿನ ಸಿಎಂವೈಕೆಗೆ ಬದಲಾಯಿಸಿ ಮೊದಲೇ ನೋಡಿಕೊಂಡರೆ ಆಘಾತ ಕಡಿಮೆ. ಪ್ರೂಫನ್ನು ಹಳದಿ ದೀಪದ ಕೆಳಗೆ ನೋಡಿ ತೀರ್ಪು ಕೊಡಬೇಡಿ. ಮುದ್ರಣದವರು ಹಗಲನ್ನು ಹೋಲುವ 5000 ಕೆಲ್ವಿನ್ ದೀಪದ ಬೆಳಕಿನಲ್ಲಿ ನೋಡುತ್ತಾರೆ, ಅದಿಲ್ಲದಿದ್ದರೆ ಹಗಲು ಬೆಳಕು.

ಅಷ್ಟರಲ್ಲಿ ಬೈಂಡಿಂಗ್ ಬದಲಾಯಿತು. ನಡುವೆ ಪಿನ್ ಹೊಡೆಯುವ ಬದಲು ಬೆನ್ನಿಗೆ ಅಂಟು ಹಾಕುತ್ತೇವೆ ಎಂದರು. ಅಂಟು ಹಾಕಿದ ಪುಸ್ತಕ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ, ನಡುವಿನ ಮಡಿಕೆ ಚಿತ್ರವನ್ನು ನುಂಗುತ್ತದೆ. ಒಂದು ಜೋಡಿಪುಟದಲ್ಲಿ ನಾಯಕಿಯ ಮುಖವೇ ಅಲ್ಲಿತ್ತು. ಮೂಲಚಿತ್ರಗಳನ್ನು ಸುತ್ತಲೂ ಅಗಲವಾಗಿ, ಅಂಚಿನಲ್ಲಿ ಕತ್ತರಿಸಿ ತೆಗೆಯುವ 3 ಮಿಲಿಮೀಟರಿಗಿಂತ ಹೆಚ್ಚಾಗಿಯೇ ಹೊರಕ್ಕೆ ಮುಂದುವರಿಸಿ ಬರೆದಿದ್ದರಿಂದ ಅವಳನ್ನು ಪಕ್ಕಕ್ಕೆ ಸರಿಸಲು ಸಾಧ್ಯವಾಯಿತು. ಬೈಂಡಿಂಗ್ ಯಾವುದೇ ಇರಲಿ, ಮುಖಗಳನ್ನೂ ಕೈಗಳನ್ನೂ ನಡುಗೆರೆಯಿಂದ ದೂರವಿಡಿ.

ಮುದ್ರಣಕ್ಕೆ ಹೋದ ಮೇಲೆ ಮತ್ತೆ ಕಾಯುವುದು. ಪೋರ್ಟ್‌ಫೋಲಿಯೊ ಕಳುಹಿಸಿದ ದಿನಗಳಿಗೂ ಈ ದಿನಗಳಿಗೂ ಒಂದು ವ್ಯತ್ಯಾಸ ಕಂಡೆ. ಆಗ ತಲೆಯೊಳಗಿನ ದನಿ "ನೀನು ಕಲಾವಿದೆಯೇ?" ಎಂದು ಕೇಳುತ್ತಿತ್ತು, ಅದಕ್ಕೆ ಉತ್ತರ ಕೊಡುವುದು ಯಾರಿಂದಲೂ ಆಗದು. ಈಗ ಅದೇ ದನಿ ಒಂಬತ್ತನೇ ಪುಟದ ಮೊಣಕೈ ಸರಿಯಿದೆಯೇ ಎಂದು ಕೇಳುತ್ತಿತ್ತು. ಸರಿಯಿರಲಿಲ್ಲ, ತುಸು ಉದ್ದ. ಇರಲಿ ಎಂದುಕೊಂಡು ನಿದ್ದೆ ಮಾಡಿದೆ.

ಪುಸ್ತಕದ ಜೊತೆ ಮೂಲಚಿತ್ರಗಳೂ ಮರಳಿ ಬಂದವು. ಅವನ್ನು ಆಮ್ಲರಹಿತ ಕಾಗದದ ನಡುವೆ, ಚಪ್ಪಟೆಯಾಗಿ, ಬಿಸಿಲು ತಾಗದಂತೆ ಇಡಿ. ಸುರುಳಿ ಸುತ್ತಿದರೆ ಪೆನ್ಸಿಲ್ ಉಜ್ಜಿ ಹೋಗುತ್ತದೆ. ಮುಂದೆ ಮಾರುವ ಅಥವಾ ಪ್ರದರ್ಶಿಸುವ ಆಸೆಯಿದ್ದರೆ ಬಣ್ಣ ಕೊಳ್ಳುವಾಗಲೇ ಟ್ಯೂಬಿನ ಮೇಲಿನ ವರ್ಣದ್ರವ್ಯದ ಸಂಕೇತ ಓದಿ. ಪಿಆರ್ 83 ಎಂದಿರುವ ಅಲಿಜರಿನ್ ಕೆಂಪು ಬೆಳಕಿಗೆ ಮಾಸುತ್ತದೆ, ಅಲ್ಟ್ರಾಮರೀನಿನ ಪಿಬಿ 29 ಉಳಿಯುತ್ತದೆ.

ಸಂಪಾದಕಿ ಇನ್ನೊಂದು ಕಥೆ ಕಳುಹಿಸಿದ್ದಾರೆ, ಈ ಸಲ ಬೇರೆಯವರು ಬರೆದದ್ದು. ಅದರ ತುಂಬ ಕುದುರೆಗಳು. ಕುದುರೆಯ ಹಿಂಗಾಲಿನಲ್ಲಿ ಹಿಂದಕ್ಕೆ ಮಡಚಿದ ಮಂಡಿಯಂತೆ ಕಾಣುವುದು ಮಂಡಿಯಲ್ಲ, ನಮ್ಮ ಹಿಮ್ಮಡಿಗೆ ಸಮನಾದ ಕೀಲು. ನಿಜವಾದ ಮಂಡಿ ಮೇಲೆ, ಹೊಟ್ಟೆಯ ಹತ್ತಿರ ಇರುತ್ತದೆ. ಒಪ್ಪುತ್ತೇನೆ ಎಂದು ಉತ್ತರ ಬರೆದಿದ್ದೇನೆ, ಮುಂಗಡದ ಕಂತುಗಳ ಬಗ್ಗೆ ಎರಡು ಪ್ರಶ್ನೆಗಳನ್ನು ಸೇರಿಸಿ.